ಆಳ ತೋರಿಸುವ ಮುಳ್ಳಿನ ವಾಚ್ ಇದ್ದರೆ ಡೈವ್ ಕಂಪ್ಯೂಟರ್ ಬೇಡವಾ?

ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಒಂದು ಸಲ ಸ್ಕೂಬಾ ಮಾಡಿದ್ದೀರಿ, ಈಗ ಕೋರ್ಸ್ ಸೇರುತ್ತಿದ್ದೀರಿ. ಆಳವನ್ನೂ ತೋರಿಸುವ ಮುಳ್ಳಿನ ವಾಚ್ ತಗೊಂಡರೆ ಡೈವ್ ಕಂಪ್ಯೂಟರ್, ಅಂದರೆ ನೀರಿನಡಿ ಇನ್ನೆಷ್ಟು ಹೊತ್ತು ಸುರಕ್ಷಿತವಾಗಿ ಇರಬಹುದು ಅಂತ ಲೆಕ್ಕ ಹಾಕಿ ತೋರಿಸುವ ಸಾಧನ, ಅದರ ಖರ್ಚು ಉಳಿಯುತ್ತಾ ಅಂತ ನಿಮ್ಮ ಪ್ರಶ್ನೆ.

ಉಳಿಯಲ್ಲ. ಇದೇ ಲೆಕ್ಕ ಹಾಕಿ ನಾನು ಮೊದಲು ವಾಚ್ ಕೊಂಡೆ, ಆಮೇಲೆ ಕಂಪ್ಯೂಟರನ್ನೂ ಕೊಂಡೆ. ಈಗ ಎಡಗೈಗೆ ಒಂದು, ಬಲಗೈಗೆ ಒಂದು. ಹಾಗಂತ ವಾಚ್ ಕೊಂಡಿದ್ದಕ್ಕೆ ಬೇಜಾರಿಲ್ಲ.

ವಾಚ್ ಹೇಳೋದು ಎರಡೇ ವಿಷಯ: ಎಷ್ಟು ಆಳ, ಎಷ್ಟು ಹೊತ್ತು. ಆ ಎರಡನ್ನು ಸೇರಿಸಿ, ಇನ್ನೆಷ್ಟು ಹೊತ್ತು ಇರಬಹುದು ಅಂತ ಲೆಕ್ಕ ಮಾಡೋದು ನಿಮ್ಮ ಕೆಲಸ. ಕಂಪ್ಯೂಟರ್ ಬರುವ ಮುಂಚೆ ಎಲ್ಲರೂ ಟೇಬಲ್ (ಯಾವ ಆಳದಲ್ಲಿ ಹೆಚ್ಚೆಂದರೆ ಎಷ್ಟು ನಿಮಿಷ ಅಂತ ಹೇಳುವ ಪಟ್ಟಿ) ನೋಡಿಯೇ ಇಳಿಯುತ್ತಿದ್ದರು. ಸ್ಕೂಬಾ ಕಲಿಸುವ ಪಾಡಿ ಸಂಸ್ಥೆಯ ಟೇಬಲ್ ಪ್ರಕಾರ ದಿನದ ಮೊದಲ ಡೈವ್‌ಗೆ 18 ಮೀಟರ್‌ನಲ್ಲಿ 56 ನಿಮಿಷ, 30 ಮೀಟರ್‌ನಲ್ಲಿ ಬರೀ 20 ನಿಮಿಷ. ಟೇಬಲ್ ಸ್ವಲ್ಪ ಒರಟು. ನೀವು 18 ಮೀಟರ್‌ಗೆ ಎರಡೇ ನಿಮಿಷ ಇಳಿದು ಉಳಿದ ಹೊತ್ತೆಲ್ಲ 10 ಮೀಟರ್‌ನಲ್ಲಿ ಸುತ್ತಾಡಿದರೂ, ಇಡೀ ಡೈವ್ 18ರಲ್ಲೇ ಇದ್ದಿರಿ ಅಂತಲೇ ಅದರ ಲೆಕ್ಕ. ಇಂಥ ಕೆಲವು ವಾಚ್‌ಗಳಲ್ಲಿ ಅತಿ ಹೆಚ್ಚು ಆಳ ಎಷ್ಟಾಗಿತ್ತು ಅನ್ನೋದನ್ನು ನೆನಪಿಟ್ಟುಕೊಳ್ಳುವ ಇನ್ನೊಂದು ಮುಳ್ಳು ಇರೋದು ಇದಕ್ಕೇ. ಕಂಪ್ಯೂಟರ್ ಹಾಗಲ್ಲ. ಪ್ರತಿ ಕ್ಷಣದ ಆಳ ನೋಡಿಕೊಂಡು ಲೆಕ್ಕ ತಿದ್ದುತ್ತಾ ಹೋಗುತ್ತೆ, ಹಾಗಾಗಿ ನೀರಲ್ಲಿ ಜಾಸ್ತಿ ಹೊತ್ತು ಸಿಗುತ್ತೆ. ಒಂದೇ ದಿನ ಎರಡನೇ, ಮೂರನೇ ಡೈವ್ ಮಾಡುವಾಗಂತೂ ಅದರ ಬೆಲೆ ಗೊತ್ತಾಗುತ್ತೆ.

ಇನ್ನು ವಾಚ್‌ಗೆ ಆಳ ಹೇಗೆ ಗೊತ್ತಾಗುತ್ತೆ ಅಂತ ಕೇಳಿದ್ದೀರಿ. ನನಗೆ ಇದೇ ಇಷ್ಟದ ಭಾಗ.

ಎಲ್ಲಾ ವಾಚ್‌ಗಳೂ ಅಳೆಯೋದು ನೀರಿನ ಒತ್ತಡವನ್ನೇ. ಸಮುದ್ರದಲ್ಲಿ ಪ್ರತಿ 10 ಮೀಟರ್‌ಗೆ ಹೆಚ್ಚುಕಡಿಮೆ ಒಂದು ವಾತಾವರಣದಷ್ಟು ಒತ್ತಡ ಏರುತ್ತೆ. ಸಿಟಿಜನ್ 1985ರಲ್ಲಿ ತಂದ ಅಕ್ವಾಲ್ಯಾಂಡ್‌ನಲ್ಲಿ ಇದಕ್ಕೆ ಎಲೆಕ್ಟ್ರಾನಿಕ್ ಸೆನ್ಸರ್ ಇತ್ತು. ಎಡಗಡೆ ಗೆಡ್ಡೆ ಕಟ್ಟಿದ ಹಾಗೆ ಉಬ್ಬಿರುತ್ತಲ್ಲ, ಅದೇ. ಅದರಲ್ಲಿ ಸಮಯ ಮುಳ್ಳಿನಲ್ಲಿ, ಆಳ ಅಂಕಿಯಲ್ಲಿ. ಆಮೇಲೆ ಬಂದ ಇಕೋ-ಡ್ರೈವ್ ಮಾದರಿಗಳಲ್ಲಿ ಕೆಲವು ಆಳವನ್ನೂ ಮುಳ್ಳಿನಲ್ಲೇ ತೋರಿಸುತ್ತವೆ, 50 ಮೀಟರ್‌ವರೆಗೆ. ನನ್ನ ಹತ್ತಿರ ಈಗ ಇರೋದು ಅಂಥದ್ದು. ಬೆಳಕಿನಿಂದ ಚಾರ್ಜ್ ಆಗುತ್ತೆ. ಸೆನ್ಸರ್ ಒದ್ದೆಯಾದರೆ ಸಾಕು, ಡೈವ್‌ಗೆ ರೆಡಿಯಾಗಿಬಿಡುತ್ತೆ. ಪಾತ್ರೆ ತೊಳೆಯುವಾಗಲೂ!

ಓರಿಸ್ 2013ರಲ್ಲಿ ಇನ್ನೊಂದು ದಾರಿ ಹಿಡಿಯಿತು. ಸೆನ್ಸರ್ ಇಲ್ಲ, ಸ್ಪ್ರಿಂಗ್ ಇಲ್ಲ. ದಪ್ಪ ಗಾಜಿನ ಅಂಚಿನ ಸುತ್ತ ಒಂದು ಸಣ್ಣ ಕಾಲುವೆ ಕೊರೆದಿದ್ದಾರೆ, 12 ಗಂಟೆಯ ಹತ್ತಿರ ಅದರ ಬಾಯಿ. ಇಳಿಯುತ್ತಾ ಹೋದಂತೆ ನೀರು ಒಳಗೆ ನುಗ್ಗಿ ಗಾಳಿಯನ್ನು ಒತ್ತುತ್ತೆ. ನೀರು ಎಲ್ಲಿ ನಿಂತಿದೆಯೋ ಅದೇ ಆಳ. 5 ಮೀಟರ್‌ನಲ್ಲಿ ಕಾಲುವೆಯ ಮೂರನೇ ಒಂದು ಭಾಗ ತುಂಬುತ್ತೆ, 10ರಲ್ಲಿ ಅರ್ಧ, 30ರಲ್ಲಿ ಮುಕ್ಕಾಲು. ಅಂದರೆ ಮೇಲಿನ 10 ಮೀಟರ್‌ಗೆ ಅರ್ಧ ಕಾಲುವೆ, 30ರಿಂದ 40ಕ್ಕೆ ಇಪ್ಪತ್ತನೇ ಒಂದು ಭಾಗ ಮಾತ್ರ. ಆಳ ಹೋದಷ್ಟೂ ಗೆರೆಗಳು ಒತ್ತೊತ್ತಾಗುತ್ತವೆ. ಹೈಸ್ಕೂಲಿನ ಬಾಯ್ಲ್ ನಿಯಮ ಅಷ್ಟೇ, ಆದರೆ ಬೆಲೆ ಲಕ್ಷಗಳ ಮಾತು.

ಮೂರನೇ ಬಗೆಯಲ್ಲಿ ಒಂದು ತೆಳು ಲೋಹದ ಪೊರೆ ಒತ್ತಡಕ್ಕೆ ಬಗ್ಗಿ ಮುಳ್ಳನ್ನು ತಿರುಗಿಸುತ್ತೆ. 1960ರ ದಶಕದ ಫಾವ್ರ್-ಲೂಬಾ ಬ್ಯಾಥಿ ಈ ಜಾತಿಯದು. ಹೌದು, ನಮ್ಮ ತಾತಂದಿರು ಕಟ್ಟುತ್ತಿದ್ದ ಅದೇ ಫೇವರ್ ಲೂಬಾ! ಆ ಕಂಪನಿಯನ್ನು 2011ರಲ್ಲಿ ನಮ್ಮ ಟೈಟಾನ್ ಕೊಂಡುಕೊಂಡಿತ್ತು. ಆ ಕಾಲದಲ್ಲೇ, 2017ರಲ್ಲಿ, 120 ಮೀಟರ್‌ವರೆಗೆ ಅಳೆಯುವ ಹೊಸ ಬ್ಯಾಥಿ ಬಂತು. ಬ್ಲಾಂಪಾದ ಎಕ್ಸ್ ಫ್ಯಾದಮ್ಸ್ ಕೂಡ ಪೊರೆಯದೇ. ಅದರ ಬೆಲೆ ನಮಗಲ್ಲ ಬಿಡಿ.

ಹಳೇ ವಾಚ್ ತಗೊಳ್ಳೋ ಯೋಚನೆ ಇದ್ದರೆ ನನ್ನ ಕಥೆ ಕೇಳಿ. ನನ್ನ ಮೊದಲನೆಯದು ಸೆಕೆಂಡ್ ಹ್ಯಾಂಡ್ ಅಕ್ವಾಲ್ಯಾಂಡ್. ಸೆಲ್ ಮುಗಿದಿತ್ತು. ಮನೆ ಹತ್ತಿರದ ವಾಚ್ ರಿಪೇರಿ ಅಂಗಡಿಯಲ್ಲಿ ಹತ್ತು ನಿಮಿಷದಲ್ಲಿ ಹಾಕಿಸಿಕೊಂಡು ಬಂದೆ. ಹಿಂದಿನ ಮುಚ್ಚಳದ ರಬ್ಬರ್ ರಿಂಗ್ ಹಳೆಯದೇ, ಒಂದು ಕಡೆ ಮಡಚಿಕೊಂಡಿತ್ತು. ನನಗೂ ಗೊತ್ತಿಲ್ಲ, ಅವರೂ ನೋಡಲಿಲ್ಲ. ನೇತ್ರಾಣಿಯಲ್ಲಿ 12 ಮೀಟರ್ ಹತ್ತಿರ ಗಾಜಿನ ಒಳಗಡೆ ಮಂಜು ಕಟ್ಟಿತು. ದೋಣಿಗೆ ಹತ್ತಿ ನೋಡಿದರೆ 6ರ ಹತ್ತಿರ ಒಂದು ಹನಿ ಆಕಡೆ ಈಕಡೆ ಉರುಳುತ್ತಿದೆ. ಸೆಕೆಂಡ್ ಮುಳ್ಳು ನಿಂತೇ ಹೋಗಿತ್ತು. ಡಯಲ್ ಮೇಲೆ 200 ಮೀಟರ್ ಅಂತ ಬರೆದಿರೋದು ರಿಂಗ್ ಸರಿಯಾಗಿ ಕೂತಿದ್ದರೆ ಮಾತ್ರ. ಮುಚ್ಚಳ ಬಿಚ್ಚಿದ ಮೇಲೆ ಹೊಸ ರಿಂಗ್ ಹಾಕಿಸಿ, ಪ್ರೆಶರ್ ಟೆಸ್ಟ್ ಮಾಡಿಸದೆ ನೀರಿಗೆ ಇಳಿಸಲೇಬೇಡಿ.

ಡೈವ್ ಮುಗಿದ ಮೇಲೆ ಸಿಹಿನೀರಿನ ಬಕೆಟ್‌ನಲ್ಲಿ ಸ್ವಲ್ಪ ಹೊತ್ತು ನೆನೆಹಾಕಿ. ಸೆನ್ಸರ್ ತೂತಿನಲ್ಲಿ ಉಪ್ಪು ಕೂತಿದೆ ಅಂತ ಪಿನ್ನು ಚುಚ್ಚಬೇಡಿ.

ಹಾಗಾದರೆ ಎರಡನ್ನೂ ಯಾಕೆ ಕಟ್ಟುತ್ತೀನಿ ಅಂತೀರಾ? ಅಂಡಮಾನ್‌ನಲ್ಲಿ ಒಮ್ಮೆ ಕಂಪ್ಯೂಟರ್ ನೀರಿನೊಳಗೇ ಆಫ್ ಆಯ್ತು. ಜೊತೆಗಾರನಿಗೆ ಕೈಸನ್ನೆ ಮಾಡಿ ಡೈವ್ ಅಲ್ಲಿಗೇ ಮುಗಿಸಿದೆವು. ಮೇಲೆ ಬರುವ ಮುಂಚೆ ಸುರಕ್ಷತೆಗೆ ಅಂತ 5 ಮೀಟರ್‌ನಲ್ಲಿ ಹಗ್ಗ ಹಿಡಿದು ಮೂರು ನಿಮಿಷ ನಿಲ್ಲಬೇಕಲ್ಲ, ಆಗ ಈ ವಾಚ್ ನೋಡಿಕೊಂಡೇ ನಿಂತೆ. ಅಲೆ ಎತ್ತಿದಾಗ ಮುಳ್ಳು 4ಕ್ಕೆ, ಇಳಿಸಿದಾಗ 6ಕ್ಕೆ. ಅಂಕಿ ಓದಬೇಕಾಗಿಲ್ಲ, ಮುಳ್ಳು ವಾಲಿದ ಕಡೆ ನೋಡಿದರೆ ಸಾಕು.

ದುಡ್ಡು ಒಂದಕ್ಕೇ ಇದ್ದರೆ ಸಾದಾ ಕಂಪ್ಯೂಟರ್ ತಗೊಳ್ಳಿ. ವಾಚ್ ಆಮೇಲೆ. ಕೊಳ್ಳುವ ಮುಂಚೆ ಒಂದು ಸಲ ಕೈಗೆ ಕಟ್ಟಿ ನೋಡಿ. ಇವು 50 ಮಿಲಿಮೀಟರ್ ಆಸುಪಾಸಿನ ತಟ್ಟೆಗಳು. ವೆಟ್‌ಸೂಟ್ ಮೇಲೆ ಚೆನ್ನಾಗಿ ಕೂರುತ್ತವೆ, ಆಫೀಸ್ ಶರ್ಟಿನ ತೋಳಿನೊಳಗೆ ನುಗ್ಗಲ್ಲ.