ಓದುಗರ ಪ್ರಶ್ನೆ: ಮುರುಗಲಿನ ಸುತ್ತ ನಾಲ್ಕು ಪತ್ರ

ಹೋದ ಸಂಚಿಕೆಯಲ್ಲಿ ಕಾಡುಹಣ್ಣುಗಳ ಬಗ್ಗೆ ಬರೆಯುವಾಗ ಮುರುಗಲನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೆ. ಅದಕ್ಕೆ ಚೆನ್ನಾಗಿ ಬೈಸಿಕೊಂಡೆ. ಬಂದ ಪತ್ರಗಳಲ್ಲಿ ನಾಲ್ಕಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಬೆಟ್ಟದಿಂದ ಒಂದು ಬುಟ್ಟಿ ಮುರುಗಲು ತಂದಿದ್ದೇವೆ. ಶರಬತ್ತು ಬಿಟ್ಟು ಇನ್ನೇನು ಮಾಡಬಹುದು? ಉಪ್ಪಾಗೆ ಅಂದರೂ ಇದೇನಾ?
– ಸಿದ್ದಾಪುರದ ಓದುಗರು

ಉತ್ತರ: ಇದೇ ಅಲ್ಲ, ಇದರ ದಾಯಾದಿ. ಮುರುಗಲು ಗುಂಡಗೆ, ನುಣ್ಣಗೆ, ಹಣ್ಣಾದರೆ ಕಡುಗೆಂಪು. ಉಪ್ಪಾಗೆ ಹಳದಿ, ಮೈತುಂಬ ಪುಟ್ಟ ಕುಂಬಳದ ಹಾಗೆ ಏಣು. ಮುರುಗಲಿಗೇ ದಕ್ಷಿಣ ಕನ್ನಡದವರು ಪುನರ್ಪುಳಿ ಅನ್ನುತ್ತಾರೆ, ಬಾಟಲಿಗೆ ಹೋದರೆ ಕೋಕಂ.

ಮಳೆ ಹಿಡಿಯುವ ಮೊದಲು ಸಿಪ್ಪೆ ಒಣಗಿಸಿಕೊಳ್ಳಿ. ಹಣ್ಣನ್ನು ಹೋಳು ಮಾಡಿ, ಬೀಜ ಮತ್ತು ತಿರುಳನ್ನು ಬೇರೆ ಪಾತ್ರೆಗೆ ತೆಗೆದು ಉಪ್ಪು ಬೆರೆಸಿ. ರಸ ಬಿಡುತ್ತದೆ. ಸಿಪ್ಪೆಯನ್ನು ದಿನಾ ಆ ರಸದಲ್ಲಿ ಅದ್ದಿ ಮತ್ತೆ ಬಿಸಿಲಿಗೆ ಹಾಕಿ. ಕಪ್ಪಗಾಗಿ, ಮುರಿಯದೆ ಬಗ್ಗುವ ಹದಕ್ಕೆ ಬಂದರೆ ಸಾಕು. ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ ಪಾತ್ರೆ ಬೇಡವೇ ಬೇಡ, ಹುಳಿ ಅದನ್ನು ತಿನ್ನುತ್ತದೆ. ಭರಣಿಯಲ್ಲೋ ಗಾಜಿನಲ್ಲೋ ತುಂಬಿಡಿ.

ನಮ್ಮನೆಯಲ್ಲಿ ಜಾಸ್ತಿ ಖರ್ಚಾಗುವುದು ಸಾರಿಗೆ. ಐದಾರು ಸಿಪ್ಪೆ ಬಿಸಿನೀರಿನಲ್ಲಿ ನೆನೆಹಾಕಿ, ಬೆಲ್ಲ ಹಾಕಿ ಒಂದು ಕುದಿ. ತುಪ್ಪದಲ್ಲಿ ಜೀರಿಗೆ, ಇಂಗು, ಸೀಳಿದ ಹಸಿಮೆಣಸಿನ ಒಗ್ಗರಣೆ. ಬೇಳೆ ಹಾಕಬೇಡಿ, ಆ ಬಣ್ಣ ಹೋಗಿಬಿಡುತ್ತದೆ. ಉಪ್ಪನ್ನು ರುಚಿ ನೋಡಿಯೇ ಹಾಕಿ, ಸಿಪ್ಪೆಯಲ್ಲಿ ಆಗಲೇ ಇರುತ್ತದೆ.

ಪ್ರಶ್ನೆ: ಪಿತ್ತಗಂಧೆ ಎದ್ದರೆ ಮುರುಗಲು ನೀರು ಕುಡಿಸಿ ಅಂತ ಅತ್ತೆ ಹೇಳುತ್ತಾರೆ. ಗುಣ ಆಗುತ್ತಾ?
– ಕುಂದಾಪುರದ ಓದುಗರು

ಉತ್ತರ: ನನಗೂ ಚಿಕ್ಕವನಿದ್ದಾಗ ಕುಡಿಸಿದ್ದಾರೆ. ಸಿಪ್ಪೆ ಕಿವುಚಿದ ನೀರು ಒಂದು ಲೋಟ ಹೊಟ್ಟೆಗೆ, ಉಳಿದದ್ದು ಮೈಗೆ. ಉರಿಯುವ ಮೈಗೆ ಆ ತಂಪು ಹಿತವಾಗಿತ್ತು, ಸಂಜೆಗೆ ಗಂಧೆಯೂ ಇಳಿದಿತ್ತು. ಆದರೆ ಎದ್ದ ದದ್ದು ಸಾಮಾನ್ಯವಾಗಿ ಒಂದು ದಿನದೊಳಗೆ ತಾನೇ ಇಳಿಯುತ್ತದೆ. ಹಾಗಾಗಿ ಪೂರ್ತಿ ಹೆಸರನ್ನು ಮುರುಗಲಿಗೇ ಕೊಡಲು ನನಗೆ ಧೈರ್ಯವಿಲ್ಲ. ಅತ್ತೆ ಹೇಳಿದ ಹಾಗೆ ಕುಡಿಸಿ, ತೊಂದರೆಯಿಲ್ಲ. ತುಟಿ, ಮುಖ ಊದಿಕೊಂಡರೆ ಅಥವಾ ಉಸಿರು ಕಟ್ಟಿದಂತಾದರೆ ಮಾತ್ರ ಲೋಟ ಅಲ್ಲೇ ಇಟ್ಟು ಆಸ್ಪತ್ರೆಗೆ ಓಡಿ. ಹುಳಿ ತಿಂದರೆ ಎದೆ ಉರಿಯುವವರಿಗೆ ಇದೂ ಹುಳಿಯೇ, ನೆನಪಿರಲಿ. ಸಕ್ಕರೆ ಕಾಯಿಲೆಯವರು ಅಂಗಡಿಯ ಸಿರಪ್ಪು ಬಿಟ್ಟು ಬರೀ ಸಿಪ್ಪೆ ನೀರು ಕುಡಿಯಿರಿ.

ಪ್ರಶ್ನೆ: ಇದರ ಮಾತ್ರೆ ನುಂಗಿದರೆ ತೂಕ ಇಳಿಯುತ್ತದಂತೆ. ಹೌದಾ?
– ಬೆಂಗಳೂರಿನ ಓದುಗರು

ಉತ್ತರ: ಆ ಮಾತ್ರೆಗಳಲ್ಲಿ ಹೆಚ್ಚಿನವು ಉಪ್ಪಾಗೆಯವು. ಡಬ್ಬಿಯ ಮೇಲೆ ‘ಗಾರ್ಸೀನಿಯಾ ಕಂಬೋಜಿಯಾ’ ಅಂತ ಇರುತ್ತದಲ್ಲ, ಅದು ನಮ್ಮ ಉಪ್ಪಾಗೆಯೇ, ಪ್ಯಾಂಟು ಹಾಕಿಕೊಂಡು ಬಂದಿದೆ ಅಷ್ಟೆ. ಎರಡರ ಸಿಪ್ಪೆಯಲ್ಲೂ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಇದೆ, ಮಾತ್ರೆಯವರು ಮಾರುವುದು ಅದನ್ನು. 1998ರಲ್ಲಿ ಅಮೆರಿಕದಲ್ಲಿ 135 ಜನರನ್ನು ಎರಡು ಗುಂಪು ಮಾಡಿ, 12 ವಾರ ಒಂದು ಗುಂಪಿಗೆ ಈ ಮಾತ್ರೆ, ಇನ್ನೊಂದಕ್ಕೆ ಏನೂ ಇಲ್ಲದ ಮಾತ್ರೆ ಕೊಟ್ಟು ನೋಡಿದರು. ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಇಂಥ ಮಾತ್ರೆ ತೆಗೆದುಕೊಂಡ ಕೆಲವರ ಲಿವರ್ ಕೆಟ್ಟ ವರದಿಗಳೂ ಇವೆ. ಸಾರಿನಲ್ಲಿ ತಿನ್ನುವುದೇ ಬೇರೆ, ಸಾರ ತೆಗೆದು ಮಾತ್ರೆಯಲ್ಲಿ ತುಂಬಿ ದಿನಾ ನುಂಗುವುದೇ ಬೇರೆ. ದುಡ್ಡು ಉಳಿಸಿಕೊಳ್ಳಿ.

ಪ್ರಶ್ನೆ: ಬೀಜದಿಂದ ತುಪ್ಪ ತೆಗೆಯುವುದು ಹೇಗೆ? ಇನ್ನೊಂದು, ಬಟ್ಟೆಗೆ ಬಿದ್ದ ಕಲೆ ಹೋಗಲು ಏನು ಮಾಡಬೇಕು?
– ಅಂಕೋಲಾದ ಓದುಗರು

ಉತ್ತರ: ಬೀಜ ತೊಳೆದು ಗಲಗಲ ಅನ್ನುವವರೆಗೆ ಒಣಗಿಸಿ. ಸಿಪ್ಪೆ ಬಿಡಿಸಿ, ಒಳಗಿನ ಬೇಳೆಯನ್ನು ನುಣ್ಣಗೆ ಕುಟ್ಟಿ, ಜಾಸ್ತಿ ನೀರಿನಲ್ಲಿ ಕುದಿಸಿ. ಜಿಡ್ಡು ಮೇಲೆ ತೇಲುತ್ತದೆ. ರಾತ್ರಿ ಆರಲು ಬಿಟ್ಟರೆ ಬೆಳಗ್ಗೆ ಬಿಳಿ ಬಿಲ್ಲೆಯಾಗಿ ಕೂತಿರುತ್ತದೆ. ಅದನ್ನು ಎತ್ತಿ ಕಾಯಿಸಿ, ಸೋಸಿ, ಉಂಡೆ ಕಟ್ಟಿ. ಇದು ಕರಗಲು 40 ಡಿಗ್ರಿಯ ಆಸುಪಾಸು ಬಿಸಿ ಬೇಕು, ಅದಕ್ಕೇ ಬೇಸಿಗೆಯಲ್ಲೂ ಕಲ್ಲಿನ ಹಾಗಿರುತ್ತದೆ. ಒಡೆದ ಹಿಮ್ಮಡಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ದೀಪದ ಮೇಲೆ ಚಮಚ ಹಿಡಿದು ಕರಗಿಸಿ, ಉಗುರು ಬೆಚ್ಚಗಾದ ಮೇಲೆ ಬಿರುಕಿಗೆ ತುಂಬಿ ಮಲಗಿ.

ಕಲೆಯ ವಿಷಯದಲ್ಲಿ ನಾನೇ ಸೋತವನು. ಬಿಳಿ ಪಂಚೆಗೆ ರಸ ಬಿತ್ತು ಅಂತ ಗಾಬರಿಯಲ್ಲಿ ಸೋಪು ತಿಕ್ಕಿದೆ. ಕೆಂಪು ಕಲೆ ಕಣ್ಣೆದುರೇ ನೀಲಿಗೆ ತಿರುಗಿತು! ಹುಳಿ ಇದ್ದಾಗ ಕೆಂಪು, ಸೋಪಿನ ಕ್ಷಾರ ತಾಗಿದರೆ ನೀಲಿ, ಈ ಬಣ್ಣದ ಗುಣವೇ ಅದು. ಬಿದ್ದ ತಕ್ಷಣ ಬರೀ ತಣ್ಣೀರಿನಲ್ಲಿ ಚೆನ್ನಾಗಿ ಜಾಲಾಡಿ, ಸೋಪು ಆಮೇಲೆ. ನನ್ನ ಪಂಚೆಯ ಮೇಲೆ ಈಗ ಪ್ರತಿ ವರ್ಷ ಬೀಜ ಒಣಗುತ್ತದೆ.