ಒಂದೇ ಮಾಡೆಲಿನ ಎರಡು ಮ್ಯಾಚ್‌ಬಾಕ್ಸ್ ಆಟಿಕೆ ಕಾರು, ಚಕ್ರ ಮಾತ್ರ ಬೇರೆ. ಒಂದು ನಕಲಿಯೇ?

ಕಲಬುರಗಿಯ ಅಜ್ಜನ ಮನೆ ಟ್ರಂಕಿನಲ್ಲಿ ಸಿಕ್ಕವು ಅಂದಿದ್ದೀರಿ. ಎರಡೂ ಅಸಲಿಯೇ ಇರಬಹುದು. 1953ರಲ್ಲಿ ಇಂಗ್ಲೆಂಡಿನ ಲೆಸ್ನಿ ಕಂಪನಿ ಮ್ಯಾಚ್‌ಬಾಕ್ಸ್ ಶುರು ಮಾಡಿದಾಗ ಚಕ್ರ ಲೋಹದ್ದು. ಆಮೇಲೆ ಬೂದು, ಕಪ್ಪು ಪ್ಲಾಸ್ಟಿಕ್ ಬಂತು. 1968ರಲ್ಲಿ ಪ್ರತಿಸ್ಪರ್ಧಿ ಹಾಟ್ ವೀಲ್ಸ್ ಸರ್ರನೆ ಓಡುವ ಕಾರು ತಂದಿತು. ಮರುವರ್ಷವೇ ಲೆಸ್ನಿ ಹಳೆ ಮಾಡೆಲ್‌ಗಳಿಗೇ ತೆಳು ಆಕ್ಸಲ್‌ನ ಸೂಪರ್‌ಫಾಸ್ಟ್ ಚಕ್ರ ಹಾಕತೊಡಗಿತು. ನಿಮ್ಮವು ಆ ಜೋಡಿಯೇ ಇರಬೇಕು!

ತಳ ತಿರುಗಿಸಿ ನೋಡಿ. ತಳವನ್ನು ಬಾಡಿಗೆ ಬಿಗಿದ ರಿವೆಟ್ (ಲೋಹದ ಮೊಳೆ) ಕೊರೆದ ಗುರುತಿದ್ದರೆ ಯಾರೋ ಬಿಚ್ಚಿ ಭಾಗ ಬದಲಿಸಿದ್ದಾರೆ. ಬಣ್ಣ ಬೇರೆ ಕಂಡರೆ ಅಪರೂಪದ್ದೆಂದು ಸುಮ್ನೆ ಹಿಗ್ಗಬೇಡಿ. ನಮ್ಮ ಕಲಬುರಗಿ ಬಿಸಿಲು ಗೊತ್ತಲ್ವಾ? ಬಾಡಿಯ ಒಳಬದಿ ಗಾಢವಾಗಿದ್ದರೆ ಹೊರಗಿನದು ಬರೀ ಮಾಸಿದ ಬಣ್ಣ. ಹೊಸ ಪೇಂಟ್ ಮಾತ್ರ ಹೊಡೆಸಬೇಡಿ, ಬೆಲೆ ಬಿದ್ದುಹೋಗುತ್ತದೆ.