ಬಳಸದ ಡೇಟಾಗೆ ದುಡ್ಡು ಕಟ್ ಆದರೆ ಎಲ್ಲಿ ಕೇಳಬೇಕು?

ಭಾಲ್ಕಿಯಿಂದ ಕೇಳಿದ್ದೀರಿ. ಪ್ಲಾನ್ ಮೀರಿ ಡೇಟಾ ಬಳಸಿದ್ದೀರಿ ಅಂತ ನಿಮ್ಮ ಪೋಸ್ಟ್‌ಪೇಯ್ಡ್ ಬಿಲ್‌ನಲ್ಲಿ ಹೆಚ್ಚುವರಿ ಹಣ ಹಾಕಿದ್ದಾರೆ, ಆದರೆ ನಿಮ್ಮ ಫೋನ್ ತೋರಿಸುವ ಲೆಕ್ಕ ಅದಕ್ಕಿಂತ ತುಂಬಾ ಕಡಿಮೆ. ಅಪ್ಪನ ಕೀಪ್ಯಾಡ್ ಫೋನ್‌ನಲ್ಲಂತೂ ನೆಟ್ ಮುಟ್ಟದೆಯೇ ಬ್ಯಾಲೆನ್ಸ್ ಹೋಗುತ್ತಿದೆ. ಇದು ಮೋಸವಾ, ಎಲ್ಲಿ ದೂರು ಕೊಡಬೇಕು ಅನ್ನೋದು ನಿಮ್ಮ ಪ್ರಶ್ನೆ.

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದು ರೀಚಾರ್ಜ್ ಮತ್ತು ಮೊಬೈಲ್ ರಿಪೇರಿ ಅಂಗಡಿ. ಈ ಪ್ರಶ್ನೆ ಕೌಂಟರ್ ಮುಂದೆ ದಿನಾ ಬರುತ್ತದೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ಡಾಕೆಟ್ ನಂಬರ್, ಅಂದರೆ ದೂರು ದಾಖಲಾದಾಗ ಕಂಪನಿ ಕೊಡುವ ನಂಬರ್, ಇಲ್ಲದ ದೂರು ದೂರೇ ಅಲ್ಲ. ಅಂಗಡಿಯವನ ಹತ್ತಿರ ಕೂಗಾಡಿದರೂ, ಕಂಪನಿ ಸ್ಟೋರ್‌ನ ಹುಡುಗನ ಹತ್ತಿರ ಗೋಗರೆದರೂ ಎಲ್ಲೂ ಏನೂ ದಾಖಲಾಗುವುದಿಲ್ಲ.

ಮೊದಲು ಅಪ್ಪನ ಫೋನ್ ನೋಡೋಣ, ಯಾಕಂದ್ರೆ ನಮ್ಮ ಕಡೆ ಜಾಸ್ತಿ ಜನ ಕಳೆದುಕೊಳ್ಳುವುದು ಅಲ್ಲೇ. ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಮಾರಿ ಬರುವ ರೈತರು ಫೋನ್ ಕೈಗೆ ಕೊಟ್ಟು ಕೇಳುತ್ತಾರೆ, "ನಾ ನೆಟ್ಟೇ ಹಚ್ಚಂಗಿಲ್ರೀ, ರೊಕ್ಕ ಹ್ಯಾಂಗ ಕಟ್ ಆಗ್ಲತ್ತಾವ?" ಅಂತ. ಮೆಸೇಜ್ ತೆಗೆದು ನೋಡಿದರೆ ಸಾಲಾಗಿ ಇಂಗ್ಲಿಷ್ ಎಸ್‌ಎಂಎಸ್ ಬಂದಿರುತ್ತವೆ: ಕಾಲರ್ ಟ್ಯೂನ್, ಕ್ರಿಕೆಟ್ ಸ್ಕೋರ್, ಭವಿಷ್ಯ, ಯಾವುದೋ ಗೇಮ್. ಇವೆಲ್ಲ ಹೇಗೆ ಶುರುವಾಗುತ್ತವೆ ಗೊತ್ತಾ? ಕರೆ ಮುಗಿದ ಕೂಡಲೇ ಸಣ್ಣ ಪರದೆ ಮೇಲೆ ಒಂದು ಪಾಪ್‌ಅಪ್ ಹಾರುತ್ತದೆ. ಎರಡು ಸಾಲು ಇಂಗ್ಲಿಷ್, ಕೆಳಗೆ ಎಡಕ್ಕೆ ಓಕೆ, ಬಲಕ್ಕೆ ಕ್ಯಾನ್ಸಲ್. ಓದಲು ಬಾರದವರು ಅದನ್ನು ತೆಗೆಯಬೇಕು ಅಂತ ನಡುವಿನ ಬಟನ್ ಒತ್ತುತ್ತಾರೆ. ಆ ಬಟನ್ ಅಂದರೆ ಓಕೆ. ಬ್ಯಾಲೆನ್ಸ್ ಹೋಗುವುದಕ್ಕೆ ಅಷ್ಟು ಸಾಕು.

ಇದನ್ನು ತಡೆಯೋಕೆ ನಿಯಮ ಇದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2013ರಲ್ಲೇ ಇಂಥ ಸೇವೆಗಳಿಗೆ ಎರಡು ಸಲ ಒಪ್ಪಿಗೆ ಪಡೆಯಬೇಕು ಅಂತ ಆದೇಶ ಮಾಡಿತು. ಒಂದು ಸಲ ಓಕೆ ಒತ್ತಿಸಿಕೊಂಡು ದುಡ್ಡು ಕತ್ತರಿಸುವಂತಿಲ್ಲ. ಅಪ್ಪನ ಫೋನ್‌ನಿಂದ 155223 ನಂಬರಿಗೆ ಇಂಗ್ಲಿಷ್ ಅಕ್ಷರದಲ್ಲಿ ಸ್ಟಾಪ್ ಅಂತ ಎಸ್‌ಎಂಎಸ್ ಮಾಡಿ. ಯಾವ ಸೇವೆ ನಿಲ್ಲಿಸಬೇಕು ಅಂತ ತಿರುಗಿ ಕೇಳಿದರೆ ಅದಕ್ಕೂ ಉತ್ತರ ಕೊಡಿ. ನೆಟ್ಟನ್ನೇ ಪೂರ್ತಿ ಬಂದ್ ಮಾಡಿಸಬೇಕಾದರೆ ಅದೇ ಸ್ಟಾಪ್ ಮೆಸೇಜನ್ನು 1925ಕ್ಕೆ ಕಳಿಸಿ. ಮುಂದೆ ಬೇಕಾದಾಗ ಅದೇ ನಂಬರಿಗೆ ಸ್ಟಾರ್ಟ್ ಅಂತ ಕಳಿಸಿದರೆ ಮತ್ತೆ ಶುರುವಾಗುತ್ತದೆ. ನೆಟ್ ಬಳಸದ ಹಿರಿಯರ ಫೋನ್‌ಗಳಲ್ಲಿ ನಾನು ಮಾಡಿಕೊಡುವ ಮೊದಲ ಕೆಲಸ ಇದು.

ಇನ್ನೊಂದು ವಿಷಯ ಅಂಗಡಿಯವರು ತಾವಾಗಿ ಹೇಳುವುದು ಕಡಿಮೆ. 2024ರ ಡಿಸೆಂಬರ್‌ನಲ್ಲಿ ಟ್ರಾಯ್ ನಿಯಮ ತಿದ್ದಿತು. ಬರೀ ಕರೆ ಮತ್ತು ಎಸ್‌ಎಂಎಸ್ ಇರುವ ಪ್ಯಾಕ್ ಒಂದನ್ನಾದರೂ ಪ್ರತಿ ಕಂಪನಿ ಇಟ್ಟಿರಲೇಬೇಕು. ನೆಟ್ ಬೇಡದವರ ಮೇಲೆ ದಿನಕ್ಕೆ ಇಷ್ಟು ಜಿಬಿ ಅಂತ ಹೇರುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಅನ್ಯಾಯ. ಹೊಲದಲ್ಲಿರುವ ನಿಮ್ಮಪ್ಪನಿಗೆ ಆ ಡೇಟಾ ಯಾಕೆ ಬೇಕು, ಹೇಳಿ? ಅಂಗಡಿಗೆ ಹೋದಾಗ "ಕಾಲಿಂಗ್ ಮಾತ್ರದ ಪ್ಯಾಕ್ ತೋರಿಸಿ" ಅಂತ ಬಾಯಿಬಿಟ್ಟು ಕೇಳಿ. 28 ದಿನದ ಪ್ಯಾಕ್ ಹಾಕಿಸಿದರೆ ವರ್ಷಕ್ಕೆ 13 ಸಲ ರೀಚಾರ್ಜ್ ಆಗುತ್ತದೆ ಅನ್ನೋದೂ ನೆನಪಿರಲಿ. 30 ದಿನದ್ದೊಂದು, ಪ್ರತಿ ತಿಂಗಳು ಅದೇ ತಾರೀಖಿಗೆ ಬರುವಂಥದ್ದೊಂದು ಪ್ಯಾಕ್ ಇಡಬೇಕು ಅಂತ 2022ರಿಂದ ಆದೇಶವಿದೆ.

ಈಗ ನಿಮ್ಮ ಬಿಲ್. ಕಂಪನಿ ಲೆಕ್ಕಕ್ಕೂ ಫೋನ್ ಲೆಕ್ಕಕ್ಕೂ ಸಣ್ಣ ವ್ಯತ್ಯಾಸ ಬರುವುದು ಸಹಜ. ಫೋನ್ ಒಂದನೇ ತಾರೀಖಿನಿಂದ ಎಣಿಸುತ್ತಿರಬಹುದು, ನಿಮ್ಮ ಬಿಲ್ ಬೇರೆ ತಾರೀಖಿಗೆ ಶುರುವಾಗುತ್ತಿರಬಹುದು. ಡೇಟಾ ಬಳಕೆಯ ಸೆಟ್ಟಿಂಗ್‌ಗೆ ಹೋಗಿ ಬಿಲ್ಲಿಂಗ್ ತಾರೀಖು ಸರಿಮಾಡಿ, ಆಮೇಲೆ ಹೋಲಿಸಿ. ಸಿಗ್ನಲ್ ಸರಿಯಾಗಿ ಸಿಗದ ಕಡೆ ಅದೇ ಡೇಟಾ ಮತ್ತೆ ಮತ್ತೆ ಹೋಗಿಬರುತ್ತದೆ, ಅದೂ ಎಣಿಕೆಗೆ ಬೀಳಬಹುದು. ವಾಟ್ಸ್ಆಪ್ ಗ್ರೂಪ್‌ಗಳ ಶುಭೋದಯ ವಿಡಿಯೋ ತಾನಾಗಿ ಡೌನ್‌ಲೋಡ್ ಆಗೋದು, ಮನೆಯವರು ಹಾಟ್‌ಸ್ಪಾಟ್ ತಗೊಳ್ಳೋದು, ರಾತ್ರಿ ಆ್ಯಪ್ ಅಪ್‌ಡೇಟ್ ಆಗೋದು, ಎಲ್ಲವನ್ನೂ ಒಮ್ಮೆ ನೋಡಿ. ಇದೆಲ್ಲ ಕಳೆದ ಮೇಲೂ ದೊಡ್ಡ ಅಂತರ ಉಳಿದರೆ, ಅಥವಾ ಫೋನ್ ಬಂದ್ ಇದ್ದ ದಿನವೂ ಬಳಕೆ ತೋರಿಸಿದ್ದರೆ, ಅದು ಗಟ್ಟಿ ದೂರು. ಪ್ಲಾನಿನ ಡೇಟಾ ಶೇಕಡಾ 50, 90 ಮತ್ತು 100 ಮುಗಿದಾಗ ಕಂಪನಿ ಎಸ್‌ಎಂಎಸ್ ಕಳಿಸಬೇಕು. ಕಳಿಸಿದ್ದಾರಾ ಇಲ್ಲವಾ ನೋಡಿ. ಕಳಿಸಿಲ್ಲದಿದ್ದರೆ ಅದನ್ನೂ ದೂರಿನಲ್ಲಿ ಬರೆಯಿರಿ. ಪ್ರೀಪೇಯ್ಡ್‌ನವರಿಗೂ ಬಿಲ್ ಸಿಗುತ್ತದೆ, ಹೆಚ್ಚಿನವರಿಗೆ ಗೊತ್ತಿಲ್ಲ ಅಷ್ಟೇ. ಹಿಂದಿನ ಆರು ತಿಂಗಳೊಳಗಿನ ಬಳಕೆಯ ವಿವರ ಕೇಳಿದರೆ ಕೊಡಬೇಕು, ಅದಕ್ಕೆ 50 ರೂಪಾಯಿಗಿಂತ ಹೆಚ್ಚು ತಗೊಳ್ಳುವಂತಿಲ್ಲ. ಅಪ್ಪನ ನಂಬರಿಗೂ ಕೇಳಿ.

ದೂರು ಕೊಡುವ ನಂಬರ್ 198. ಕರೆ ಉಚಿತ, ಕನ್ನಡದಲ್ಲೇ ಮಾತಾಡಿ. ಮಾತು ಮುಗಿಸುವ ಮುಂಚೆ ಡಾಕೆಟ್ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ. ಅದು ಎಸ್‌ಎಂಎಸ್‌ನಲ್ಲೂ ಬರಬೇಕು. "ಸರ್, ನಾನು ನೋಟ್ ಮಾಡಿಕೊಂಡಿದ್ದೇನೆ" ಅಂದರೆ ಸಾಲದು. ಬಿಲ್ಲಿನ ದೂರು ಹೆಚ್ಚೆಂದರೆ ಆರು ವಾರದಲ್ಲಿ ಬಗೆಹರಿಯಬೇಕು. ಆಗಲಿಲ್ಲ, ಅಥವಾ "ಚಾರ್ಜ್ ಸರಿಯಾಗಿದೆ" ಅಂತ ಒಂದು ಸಾಲು ಬರೆದು ಮುಚ್ಚಿಬಿಟ್ಟರು ಅಂದ್ರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಅಪೀಲು ಹಾಕಿ. ವಿಳಾಸ, ಇಮೇಲ್ ಕಂಪನಿಯ ವೆಬ್‌ಸೈಟ್‌ನಲ್ಲೇ ಇರುತ್ತದೆ. ಶುಲ್ಕ ಇಲ್ಲ. 39 ದಿನದಲ್ಲಿ ತೀರ್ಮಾನ ಕೊಡಬೇಕು. ನೇರವಾಗಿ ಟ್ರಾಯ್‌ಗೆ ಬರೆದು ಕಾಯುತ್ತಾ ಕೂರಬೇಡಿ, ಒಬ್ಬೊಬ್ಬರ ದೂರನ್ನು ಟ್ರಾಯ್ ವಿಚಾರಣೆ ಮಾಡುವುದಿಲ್ಲ.

ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಟೆಲಿಫೋನ್ ವಿಷಯ ಅಲ್ಲಿ ನಡೆಯುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 2009ರ ಒಂದು ಸುಪ್ರೀಂ ಕೋರ್ಟ್ ತೀರ್ಪು ಹಿಡಿದು ಕಂಪನಿಗಳು ಬಹಳ ಕಾಲ ಹಾಗೇ ವಾದಿಸುತ್ತಿದ್ದವು. ಅಹಮದಾಬಾದಿನ ಒಬ್ಬ ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ ತಿಂಗಳ ಬಿಲ್ ಸರಾಸರಿ 555 ರೂಪಾಯಿ ಬರುತ್ತಿತ್ತು. 2013ರ ಕೊನೆಯಲ್ಲಿ ಒಂದೇ ಸಲ 24,609 ರೂಪಾಯಿ ಬಂತು. ಅವರು ಗ್ರಾಹಕ ವೇದಿಕೆಗೆ ಹೋದರು. ಟೆಲಿಗ್ರಾಫ್ ಕಾಯ್ದೆ ಪ್ರಕಾರ ಇದು ಮಧ್ಯಸ್ಥಿಕೆಗೆ ಹೋಗಬೇಕು, ನಿಮ್ಮಲ್ಲಿ ನಡೆಯಲ್ಲ ಅಂತ ಕಂಪನಿ ಸುಪ್ರೀಂ ಕೋರ್ಟ್‌ವರೆಗೂ ಎಳೆಯಿತು. 2022ರ ಫೆಬ್ರವರಿಯಲ್ಲಿ ಕೋರ್ಟ್ ಆ ವಾದ ಒಪ್ಪಲಿಲ್ಲ. ಬಿಲ್ ಸರಿಯೋ ತಪ್ಪೋ ಅಂತ ಅಲ್ಲಿ ತೀರ್ಮಾನ ಆಗಲಿಲ್ಲ, ನಿಜ. ಆದರೆ ಮೊಬೈಲ್ ಕಂಪನಿ ಮೇಲೆ ಗ್ರಾಹಕ ಆಯೋಗಕ್ಕೆ ಹೋಗಬಹುದು ಅನ್ನೋದು ಖಚಿತವಾಯಿತು. ಎಂಟು ವರ್ಷ ಬಿಡದೆ ನಿಂತ ಆ ಗ್ರಾಹಕರಿಗೆ ನಾವೆಲ್ಲ ಋಣಿಗಳು.

2019ರ ಗ್ರಾಹಕ ಕಾಯ್ದೆಯಲ್ಲಿ ನಮಗೆ ಅನುಕೂಲವಾದ ಮಾತೊಂದಿದೆ. ಕಂಪನಿ ಆಫೀಸು ದಿಲ್ಲಿಯಲ್ಲಿರಲಿ ಮುಂಬೈಯಲ್ಲಿರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ನಿಮ್ಮದು ಬೀದರ್‌ನಲ್ಲೇ ಆಗುತ್ತದೆ. ಸೇವೆಗೆ ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕ ಇಲ್ಲ, ವಕೀಲರೂ ಕಡ್ಡಾಯವಲ್ಲ. ಎರಡು ವರ್ಷದೊಳಗೆ ಹಾಕಬೇಕು. ಕೇಸಿಗಿಂತ ಮುಂಚೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ನೋಡಿ.

ಮೋಸವಾ ಅಂತ ಕೇಳಿದ್ದೀರಲ್ಲ. ನಿಮ್ಮ ಬಿಲ್ ನೋಡದೆ ನಾನು ಹಾಗೆ ಹೇಳಲಾರೆ. ಆದರೆ ಸಣ್ಣ ಸಣ್ಣ ತಪ್ಪು ಚಾರ್ಜ್ ಎಷ್ಟಾಗುತ್ತದೆ ಅನ್ನೋದಕ್ಕೆ ಅಮೆರಿಕದಲ್ಲಿ ಒಂದು ಲೆಕ್ಕ ಸಿಕ್ಕಿದೆ. ಅಲ್ಲಿನ ವೆರಿಝಾನ್ ವೈರ್‌ಲೆಸ್ ಕಂಪನಿ, ಡೇಟಾ ಪ್ಲಾನೇ ಇಲ್ಲದವರಿಗೆ, ಕೈತಪ್ಪಿ ಬಟನ್ ಒತ್ತಿದ್ದಕ್ಕೂ 1.99 ಡಾಲರ್ ಹಾಕುತ್ತಿತ್ತು. ಜನ ದೂರಿದರು, ಸರ್ಕಾರದ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ತನಿಖೆ ಮಾಡಿತು. 2010ರಲ್ಲಿ ಕಂಪನಿ ಸುಮಾರು ಒಂದೂವರೆ ಕೋಟಿ ಗ್ರಾಹಕರಿಗೆ ಕನಿಷ್ಠ 5.28 ಕೋಟಿ ಡಾಲರ್ ವಾಪಸ್ ಕೊಡಲು, ಖಜಾನೆಗೆ 2.5 ಕೋಟಿ ಡಾಲರ್ ಕಟ್ಟಲು ಒಪ್ಪಿತು. ತಲೆಗೆ ಮೂರ್ನಾಲ್ಕು ಡಾಲರ್ ಅಷ್ಟೇ. ಅಷ್ಟಕ್ಕೆ ಯಾರು ಓಡಾಡುತ್ತಾರೆ ಅಂತ ಎಲ್ಲರೂ ಸುಮ್ನೆ ಕೂತಿದ್ದರೆ ಆ ಹಣ ಕಂಪನಿಯಲ್ಲೇ ಉಳಿಯುತ್ತಿತ್ತು. ಅದಕ್ಕೇ ಅಪ್ಪನ ಫೋನ್‌ನಲ್ಲಿ ಹೋದ ಸಣ್ಣ ಮೊತ್ತಕ್ಕೂ ಒಂದು ಡಾಕೆಟ್ ನಂಬರ್ ತಗೊಳ್ಳಿ ಅನ್ನುತ್ತೇನೆ. ನಿಮ್ಮ ಬಿಲ್ಲಿನ ದೂರಿಗೆ ಬೇರೆ, ಅದಕ್ಕೆ ಬೇರೆ.

ಹಳೇ ಎಸ್‌ಎಂಎಸ್ ಅಳಿಸಬೇಡಿ. ಫೋನ್‌ನ ಡೇಟಾ ಲೆಕ್ಕದ ಸ್ಕ್ರೀನ್‌ಶಾಟ್ ಇವತ್ತೇ ತೆಗೆದಿಡಿ. ದೂರು ಈಗಾಗಲೇ ಕೊಟ್ಟಿದ್ದರೆ ಅದರ ತಾರೀಖನ್ನು ಕೆಳಗೆ ಕಾಮೆಂಟಿನಲ್ಲಿ ಬರೆಯಿರಿ, ಅಪೀಲಿಗೆ ಎಷ್ಟು ದಿನ ಉಳಿದಿದೆ ಅಂತ ಹೇಳುತ್ತೇನೆ.